ತಲೆಗೆ ಪೆಟ್ಟಾದವರು ವಿಮಾನ ಏರುವ ಮುನ್ನ

ರಜೆ ಮುಗಿಯುತ್ತಾ ಬಂದಿದೆ. ದಮಾಮ್‌ಗೋ ದುಬೈಗೋ ಮರಳುವ ಟಿಕೆಟು ಕೈಯಲ್ಲಿದೆ. ಅಷ್ಟರಲ್ಲಿ ಒಂದು ದಿನ ಸ್ಕೂಟರಿನ ಹಿಂದೆ ಕುಳಿತು ತವರಿಗೆ ಹೊರಟಾಗ ರಸ್ತೆಯ ಗುಂಡಿ ತಪ್ಪಿಸಲು ಹೋಗಿ ಗಾಡಿ ವಾಲುತ್ತದೆ. ಅಥವಾ ಮಳೆಗಾಲದಲ್ಲಿ ಪಾಚಿ ಹಿಡಿದ ಅಂಗಳದಲ್ಲಿ ಕಾಲು ಜಾರುತ್ತದೆ. ತಲೆ ನೆಲಕ್ಕೆ ಬಡಿಯುತ್ತದೆ. ಆಸ್ಪತ್ರೆಗೆ ಕೊಂಡುಹೋಗುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ, 'ಏನೂ ಇಲ್ಲ, ನಾರ್ಮಲ್ ಇದೆ' ಎನ್ನುತ್ತಾರೆ. ಮನೆಯವರೆಲ್ಲ ಅಲ್‌ಹಮ್ದುಲಿಲ್ಲಾಹ್ ಹೇಳಿ ನಿಟ್ಟುಸಿರು ಬಿಡುತ್ತಾರೆ. ಆದರೆ ಮೂರು ದಿನವಾದರೂ ತಲೆಭಾರ ಇಳಿದಿಲ್ಲ, ಬೆಳಕು ಕಂಡರೆ ಕಣ್ಣು ಕುಕ್ಕುತ್ತದೆ, ಕುಕ್ಕರಿನ ಸೀಟಿ ಕೇಳಿದರೆ ಸಿಟ್ಟು ಬರುತ್ತದೆ. ವಿಮಾನಕ್ಕೆ ಇನ್ನು ಹತ್ತೇ ದಿನ.

ಇಂಥ ಹೊತ್ತಿನಲ್ಲಿ ಮನೆಯಲ್ಲಿ ಎರಡು ಪಕ್ಷವಾಗುತ್ತದೆ. ಅತ್ತೆ, 'ತಲೆಗೆ ಪೆಟ್ಟಾದವಳು ವಿಮಾನದಲ್ಲಿ ಹೋಗುವುದುಂಟಾ? ಮೇಲೆ ಹೋದಾಗ ರಕ್ತ ಒಡೆದರೆ?' ಎಂದು ಗಾಬರಿಯಾಗುತ್ತಾರೆ. ಗಂಡ ಅತ್ತಲಿಂದ ಫೋನಿನಲ್ಲಿ, 'ಸ್ಕ್ಯಾನ್ ನಾರ್ಮಲ್ ತಾನೆ? ಮೂರೂವರೆ ಗಂಟೆಯ ದಾರಿ, ಕುಳಿತುಕೊಂಡು ಬರುವುದಕ್ಕೇನು?' ಎನ್ನುತ್ತಾನೆ. ಇಬ್ಬರ ಮಾತಿನಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಪೆಟ್ಟು ತಿಂದವಳಿಗೆ ನಿಜವಾಗಿ ಕಷ್ಟ ಕೊಡುವ ಸಂಗತಿ ಇಬ್ಬರ ಗಮನಕ್ಕೂ ಬಂದಿರುವುದಿಲ್ಲ. ಅದು ಯಾವುದೆಂದು ತಿಳಿಯಲು ಮೊದಲು ತಲೆಯೊಳಗೆ ಏನಾಗಿದೆ ಎಂಬುದನ್ನು ತಿಳಿಯಬೇಕು.

ಸ್ಕ್ಯಾನಿನಲ್ಲಿ ಕಾಣದ ಪೆಟ್ಟು

ವೈದ್ಯರು ಇದನ್ನು ಕನ್ಕಶನ್ ಎನ್ನುತ್ತಾರೆ. ಮೆದುಳು ಗಟ್ಟಿ ವಸ್ತುವಲ್ಲ. ಹೆಪ್ಪುಗಟ್ಟಿದ ಮೊಸರಿನ ಹಾಗೆ ಮೃದು. ತಲೆಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ಅದು ತೇಲುತ್ತಿರುತ್ತದೆ. ತಲೆಗೆ ಏಟು ಬಿದ್ದಾಗ, ಕೆಲವೊಮ್ಮೆ ತಲೆಗೆ ಏಟು ಬೀಳದೆ ದೇಹವೇ ಜೋರಾಗಿ ಜರ್ಕಾದಾಗಲೂ, ಮೆದುಳು ಒಳಗೇ ಅಲುಗಾಡಿ ಅದರ ಸೂಕ್ಷ್ಮ ನರತಂತುಗಳು ಎಳೆದಂತಾಗುತ್ತವೆ. ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಕನ್ಕಶನ್ ಆದ ಹೆಚ್ಚಿನವರು ಪ್ರಜ್ಞೆ ತಪ್ಪಿರುವುದೇ ಇಲ್ಲ.

ಸಿ.ಟಿ. ಸ್ಕ್ಯಾನ್ ಮಾಡುವುದು ಮುಖ್ಯವಾಗಿ ರಕ್ತಸ್ರಾವವಾಗಿದೆಯೇ, ಎಲುಬು ಬಿರುಕು ಬಿಟ್ಟಿದೆಯೇ ಎಂದು ನೋಡಲು. ಕನ್ಕಶನ್‌ನಲ್ಲಿ ಕೆಟ್ಟಿರುವುದು ಮೆದುಳಿನ ಕೆಲಸದ ಕ್ರಮ, ಅದು ಸಿ.ಟಿ. ಚಿತ್ರದಲ್ಲಿ ಕಾಣುವುದಿಲ್ಲ. ಆದ್ದರಿಂದ 'ಸ್ಕ್ಯಾನ್ ನಾರ್ಮಲ್' ಎಂಬ ಮಾತಿಗೆ 'ಜೀವಕ್ಕೆ ಅಪಾಯವಿರುವ ಗಾಯ ಕಾಣಿಸಲಿಲ್ಲ' ಎಂದಷ್ಟೇ ಅರ್ಥ. 'ಇವಳಿಗೆ ಏನೂ ಆಗಿಲ್ಲ' ಎಂಬ ಅರ್ಥ ಅದಕ್ಕಿಲ್ಲ. ನಮ್ಮ ಮನೆಗಳಲ್ಲಿ ಈ ವ್ಯತ್ಯಾಸ ತಿಳಿಯದೆ ಎಷ್ಟೋ ಹೆಂಗಸರು 'ನಾಟಕ ಮಾಡುತ್ತಾಳೆ' ಎಂಬ ಮಾತು ಕೇಳಬೇಕಾಗಿದೆ. ಕೈ ಮುರಿದರೆ ಬ್ಯಾಂಡೇಜು ಕಾಣುತ್ತದೆ, ಪಾತ್ರೆ ತೊಳೆಯಲು ಯಾರೂ ಹೇಳುವುದಿಲ್ಲ. ಈ ಪೆಟ್ಟಿಗೆ ಬ್ಯಾಂಡೇಜು ಇಲ್ಲ.

ತಲೆನೋವು, ತಲೆಸುತ್ತು, ವಾಕರಿಕೆ, ಬೆಳಕು-ಶಬ್ದ ಸಹಿಸಲಾಗದಿರುವುದು, ಈಗ ಇಟ್ಟ ವಸ್ತು ಈಗಲೇ ಮರೆತುಹೋಗುವುದು, ಒಂದು ಪುಟ ಓದಲಾಗದಿರುವುದು, ಕಾರಣವಿಲ್ಲದೆ ಅಳು, ನಿದ್ದೆ ಕೆಡುವುದು ಇವೆಲ್ಲ ಇದರ ಲಕ್ಷಣಗಳು. ದೊಡ್ಡವರಲ್ಲಿ ಹೆಚ್ಚಿನವರು ಎರಡರಿಂದ ನಾಲ್ಕು ವಾರಗಳಲ್ಲಿ ಚೇತರಿಸಿಕೊಳ್ಳುತ್ತಾರೆ. ಮಕ್ಕಳಿಗೂ ಸಾಧಾರಣವಾಗಿ ನಾಲ್ಕು ವಾರ ಹಿಡಿಯಬಹುದು. ಕೆಲವರಿಗೆ ತಿಂಗಳುಗಟ್ಟಲೆ ಎಳೆಯುತ್ತದೆ. ಮೊದಲೇ ಮೈಗ್ರೇನ್ ಇದ್ದವರು, ಹಿಂದೊಮ್ಮೆ ತಲೆಗೆ ಪೆಟ್ಟಾದವರು, ಆತಂಕ ಅಥವಾ ಖಿನ್ನತೆಯಿಂದ ಬಳಲುತ್ತಿರುವವರು ಈ ಗುಂಪಿನಲ್ಲಿ ಹೆಚ್ಚು.

ಹಿಂದೆಲ್ಲ ಇಂಥವರನ್ನು ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುತ್ತಿದ್ದರು. ಆ ಸಲಹೆ ಈಗ ಬದಲಾಗಿದೆ. 2022ರಲ್ಲಿ ಆಂಸ್ಟರ್‌ಡಾಂನಲ್ಲಿ ಸೇರಿದ ತಜ್ಞರ ಸಮ್ಮೇಳನವೂ ಅದನ್ನೇ ಹೇಳಿತು. ಮೊದಲ ಒಂದೆರಡು ದಿನ ವಿಶ್ರಾಂತಿ, ಆ ದಿನಗಳಲ್ಲಿ ಮೊಬೈಲು-ಟಿ.ವಿ. ಆದಷ್ಟು ಕಡಿಮೆ, ಬಳಿಕ ತಲೆನೋವು ಜಾಸ್ತಿಯಾಗದಷ್ಟು ನಡೆದಾಟ, ಸಣ್ಣಪುಟ್ಟ ಕೆಲಸ, ದಿನದಿನಕ್ಕೆ ಸ್ವಲ್ಪ ಹೆಚ್ಚು. ಈ 'ಸ್ವಲ್ಪ ಸ್ವಲ್ಪ' ಎಂಬುದನ್ನು ನೆನಪಿಡಿ. ವಿಮಾನಯಾನದ ಕಷ್ಟವಿರುವುದೇ ಅದರಲ್ಲಿ. ಪ್ರಯಾಣದ ದಿನ ಎಲ್ಲವೂ ಒಟ್ಟಿಗೇ ಮೈಮೇಲೆ ಬೀಳುತ್ತದೆ.

ವಿಮಾನದೊಳಗೆ ಏನಾಗುತ್ತದೆ?

ಅತ್ತೆಯವರ ಭಯದ ಬಗ್ಗೆ ಮೊದಲು ನೋಡೋಣ. ವಿಮಾನ ಮೂವತ್ತು ಸಾವಿರ ಅಡಿಗಿಂತ ಮೇಲೆ ಹಾರಿದರೂ ಒಳಗಿನ ಗಾಳಿಯ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಕಾಯ್ದುಕೊಳ್ಳುತ್ತಾರೆ. ನಮ್ಮ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ ಸುಮಾರು 6,300 ಅಡಿ. ಊಟಿ ಏಳು ಸಾವಿರ ಅಡಿಗೂ ಮೇಲಿದೆ. ವಿಮಾನದಲ್ಲಿ ಕುಳಿತವರ ದೇಹಕ್ಕೆ ಊಟಿಯಲ್ಲಿ ಕುಳಿತಷ್ಟೇ ಆಮ್ಲಜನಕ ಸಿಗುತ್ತದೆ ಎಂದಿಟ್ಟುಕೊಳ್ಳಿ. ರಕ್ತದ ಆಮ್ಲಜನಕ ತುಸು ಇಳಿಯುತ್ತದೆ. ಆರೋಗ್ಯವಂತರಿಗೆ ಅದು ತಿಳಿಯುವುದೂ ಇಲ್ಲ. ಚೇತರಿಸಿಕೊಳ್ಳುತ್ತಿರುವ ಮೆದುಳಿಗೆ ಅದರಿಂದ ತಲೆನೋವು, ಆಯಾಸ ಸ್ವಲ್ಪ ಹೆಚ್ಚಾಗಬಹುದು.

ಇದರ ಜೊತೆಗೆ ಒಳಗಿನ ಗಾಳಿ ಬಹಳ ಒಣ. ನಮ್ಮ ಕರಾವಳಿಯ ಬೆವರಿನ ಹವೆಗೆ ಒಗ್ಗಿದವರಿಗೆ ಗಂಟಲು, ಕಣ್ಣು ಬೇಗ ಒಣಗುತ್ತವೆ. ನೀರು ಕಡಿಮೆಯಾದರೆ ತಲೆನೋವಿಗೆ ಇನ್ನೊಂದು ಕಾರಣ ಸೇರಿದಂತೆ. ಇಂಜಿನಿನ ಮೊರೆತ ಸುಮಾರು 80-85 ಡೆಸಿಬಲ್. ಮಿಕ್ಸಿ ತಿರುಗುತ್ತಿರುವ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಕುಳಿತ ಹಾಗೆ.

ಹಾಗಾದರೆ ವಿಮಾನ ಏರುವುದರಿಂದ ಮೆದುಳಿನ ಗಾಯವೇ ಹೆಚ್ಚಾಗುತ್ತದೆಯೇ? ಅಮೆರಿಕದ ಕಾಲೇಜು ಕ್ರೀಡಾಪಟುಗಳನ್ನೂ ಸೇನಾ ಅಕಾಡೆಮಿಗಳ ಕೆಡೆಟ್‌ಗಳನ್ನೂ ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಕನ್ಕಶನ್ ಆದ ಬೆನ್ನಿಗೇ ವಿಮಾನದಲ್ಲಿ ಹೋದವರಿಗೂ ಹೋಗದವರಿಗೂ ಚೇತರಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅವರೆಲ್ಲ ಯುವಕ-ಯುವತಿಯರು, ಗಟ್ಟಿ ಮೈಯವರು ಎಂಬುದನ್ನೂ ಮರೆಯಬಾರದು. ಎರಡು ಮಕ್ಕಳನ್ನು ಕಟ್ಟಿಕೊಂಡು, ಮೂವತ್ತು ಕಿಲೋ ಸಾಮಾನಿನೊಂದಿಗೆ, ರಕ್ತಹೀನತೆಯನ್ನೂ ಹೊತ್ತುಕೊಂಡು ಹೊರಡುವ ನಮ್ಮ ಸಹೋದರಿಯರನ್ನು ಯಾರೂ ಆ ಲೆಕ್ಕದಲ್ಲಿ ಸೇರಿಸಿಲ್ಲ. ಆದರೂ ಬರಿಯ ಕನ್ಕಶನ್ ಆಗಿದ್ದು, ದಿನದಿನಕ್ಕೆ ಗುಣವಾಗುತ್ತಿದ್ದರೆ ವಿಮಾನದ ಬಗ್ಗೆ ಜೀವಭಯ ಬೇಡ ಎಂದು ಧೈರ್ಯವಾಗಿ ಹೇಳಬಹುದು.

ಆದರೆ ಇವರು ಹೋಗಬಾರದು

ಇಲ್ಲಿ ಮಾತ್ರ ಅತ್ತೆಯವರೇ ಸರಿ. ಸ್ಕ್ಯಾನಿನಲ್ಲಿ ರಕ್ತಸ್ರಾವ ಕಂಡಿದ್ದರೆ, ತಲೆಬುರುಡೆ ಬಿರುಕು ಬಿಟ್ಟಿದ್ದರೆ, ತಲೆಯ ಆಪರೇಶನ್ ಆಗಿದ್ದರೆ ಅದು ಬರಿಯ ಕನ್ಕಶನ್ ಅಲ್ಲ. ಬಿರುಕಿನ ಮೂಲಕವೋ ಆಪರೇಶನ್ ವೇಳೆಯಲ್ಲೋ ಬುರುಡೆಯೊಳಗೆ ಗಾಳಿ ಸೇರಿಕೊಂಡಿರಬಹುದು. ವಿಮಾನ ಮೇಲೇರಿ ಒತ್ತಡ ಕಡಿಮೆಯಾದಾಗ ಆ ಗಾಳಿ ಮೂರರಲ್ಲೊಂದು ಪಾಲಿನ ಹತ್ತಿರ ಹಿಗ್ಗುತ್ತದೆ. ಕಟ್ಟಿದ ಚಿಪ್ಸ್ ಪ್ಯಾಕೆಟು ವಿಮಾನದಲ್ಲಿ ಉಬ್ಬಿಕೊಳ್ಳುವುದನ್ನು ನೀವು ನೋಡಿರಬಹುದು. ಬುರುಡೆಯೊಳಗೆ ಹಾಗೆ ಉಬ್ಬಿದರೆ ಮೆದುಳನ್ನು ಒತ್ತುತ್ತದೆ. ಇಂಥವರು ನರರೋಗ ಶಸ್ತ್ರಚಿಕಿತ್ಸಕರು 'ಗಾಳಿ ಇಲ್ಲ, ಹೋಗಬಹುದು' ಎಂದು ಬರೆದುಕೊಟ್ಟ ಮೇಲೆಯೇ ಹೊರಡಬೇಕು.

ಪೆಟ್ಟಾದ ಮೇಲೆ ಅಪಸ್ಮಾರ ಬಂದವರು, ತಲೆನೋವು ದಿನೇದಿನೇ ಏರುತ್ತಿರುವವರು, ಮತ್ತೆ ಮತ್ತೆ ವಾಂತಿಯಾಗುತ್ತಿರುವವರು ಪ್ರಯಾಣದ ಮಾತೇ ಎತ್ತಬಾರದು.

ಇನ್ನು ನಮ್ಮ ಹಿರಿಯರು. ಹೃದಯದ ಕಾಯಿಲೆಗೆಂದು ರಕ್ತ ತೆಳುಗೊಳಿಸುವ ಮಾತ್ರೆ ತೆಗೆದುಕೊಳ್ಳುವ ಅಜ್ಜಿ ಬಚ್ಚಲಿನಲ್ಲಿ ಬಿದ್ದು, 'ಏನೂ ಆಗಲಿಲ್ಲ ಮಗಾ' ಎಂದು ಎದ್ದು ಕುಳಿತಿರುತ್ತಾರೆ. ವಯಸ್ಸಾದವರಲ್ಲಿ ಮೆದುಳಿನ ಹೊರಪದರದಲ್ಲಿ ರಕ್ತ ನಿಧಾನವಾಗಿ ಜಿನುಗಿ, ಎರಡು ಮೂರು ವಾರಗಳ ನಂತರ ಮಂಕು, ಮರೆವು, ನಡಿಗೆ ತಪ್ಪುವುದು ಎಂದೆಲ್ಲ ಕಾಣಿಸಿಕೊಳ್ಳುವುದುಂಟು. ಮನೆಯವರು 'ವಯಸ್ಸಾಯಿತು' ಎಂದು ಸುಮ್ಮನಾಗುತ್ತಾರೆ. ಉಮ್ರಾಕ್ಕೆ ಹೊರಟ ಹಿರಿಯರು ಬಿದ್ದಿದ್ದರೆ, ಪೆಟ್ಟು ಎಷ್ಟೇ ಸಣ್ಣದಿರಲಿ, ತೋರಿಸದೆ ಕರೆದುಕೊಂಡು ಹೋಗಬೇಡಿ.

ವೈದ್ಯರ ಬಳಿ ಹೋದಾಗ 'ಹೋಗಬಹುದಾ ಡಾಕ್ಟ್ರೇ' ಎಂದಷ್ಟೇ ಕೇಳಿ ಎದ್ದು ಬರಬೇಡಿ. ರಕ್ತಸ್ರಾವ ಇಲ್ಲ, ಬಿರುಕು ಇಲ್ಲ, ಒಳಗೆ ಗಾಳಿ ಇಲ್ಲ ಎಂಬುದನ್ನು ಒಂದು ಕಾಗದದಲ್ಲಿ ಬರೆಸಿಕೊಳ್ಳಿ. ಸ್ಕ್ಯಾನಿನ ವರದಿ ಮತ್ತು ಸಿ.ಡಿ.ಯನ್ನು ಕೈಚೀಲದಲ್ಲೇ ಇಡಿ. ಇತ್ತೀಚೆಗೆ ಆಸ್ಪತ್ರೆಯಲ್ಲಿದ್ದವರಿಗೆ ವಿಮಾನ ಸಂಸ್ಥೆಗಳು 'ಮೆಡಿಫ್' ಎಂಬ ವೈದ್ಯಕೀಯ ಅರ್ಜಿ ಕೇಳುವುದುಂಟು. ವೈದ್ಯರು ತುಂಬಿ ಸಹಿ ಹಾಕಬೇಕು. ಇದನ್ನು ಟ್ರಾವೆಲ್ಸ್‌ನವರಲ್ಲಿ ಮೊದಲೇ ವಿಚಾರಿಸಿದರೆ ಕೌಂಟರಿನಲ್ಲಿ ನಿಂತು ಚಡಪಡಿಸುವುದು ತಪ್ಪುತ್ತದೆ.

ಟಿಕೆಟು ಮುಂದೂಡುವ ಯೋಚನೆ ಬಂದಾಗ ವೀಸಾದ ಚಿಂತೆ ಎದುರಾಗುತ್ತದೆ. ಯು.ಎ.ಇ.ಯ ಸಾಮಾನ್ಯ ವಾಸದ ವೀಸಾ ಇರುವವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ರದ್ದಾಗಬಹುದು. ಸೌದಿಯವರಿಗೆ ಮರುಪ್ರವೇಶದ ಅವಧಿ ಇರುತ್ತದೆ. ಹೆಂಡತಿ-ಮಕ್ಕಳು ಊರಿನಲ್ಲಿದ್ದಾಗಲೂ ಗಂಡ ಅಲ್ಲಿಂದಲೇ ಅಬ್ಶೆರ್ ಮೂಲಕ ಶುಲ್ಕ ಕಟ್ಟಿ ಅದನ್ನು ವಿಸ್ತರಿಸಲು ಅವಕಾಶವಿದೆ. ಎರಡು ತಿಂಗಳ ರಜೆಗೆ ಬಂದವರಿಗೆ ಹತ್ತು ಹದಿನೈದು ದಿನ ಮುಂದೂಡಲು ಸಾಮಾನ್ಯವಾಗಿ ವೀಸಾ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಟಿಕೆಟಿನ ದಂಡ ಮತ್ತು ಮಕ್ಕಳ ಶಾಲೆ. ಆ ದಂಡ ಎಷ್ಟೆಂದು ಕೇಳಿ ತಿಳಿದು ಆಮೇಲೆ ತೀರ್ಮಾನಿಸಿ. ಕೇಳುವ ಮೊದಲೇ 'ವೀಸಾ ಹೋಗುತ್ತದೆ' ಎಂದು ಹೆದರಿಸುವವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ.

ಹೊರಡುವ ವಾರ

ನನ್ನ ಪರಿಚಯದ ಒಂದು ಮನೆಯ ಸಂಗತಿ ಹೇಳುತ್ತೇನೆ. ಪ್ರಯಾಣಕ್ಕೆ ಹನ್ನೆರಡು ದಿನವಿರುವಾಗ ಆ ಸಹೋದರಿ ಬಿದ್ದಿದ್ದರು. ಸ್ಕ್ಯಾನ್ ಚೆನ್ನಾಗಿತ್ತು, ವೈದ್ಯರೂ ಒಪ್ಪಿದ್ದರು. ಬಿದ್ದ ನಾಲ್ಕನೇ ದಿನ ನೆಂಟರು ನೋಡಲು ಬರತೊಡಗಿದರು. ಬಂದವರಿಗೆಲ್ಲ ಚಹಾ. ಬಿದ್ದ ಕಥೆಯನ್ನು ಪ್ರತಿಯೊಬ್ಬರಿಗೂ ಹೊಸದಾಗಿ ಹೇಳಬೇಕು. ಏಳನೇ ದಿನ ನಾದಿನಿಯ ಕಡೆಯ ಮದುವೆ; 'ಮುಖ ತೋರಿಸಿ ಬಾ' ಎಂದರು. ಅಲ್ಲಿನ ದೀಪ, ಗದ್ದಲ, ಸೆಂಟಿನ ವಾಸನೆ. ಬಳಿಕ ಪೆಟ್ಟಿಗೆ ಕಟ್ಟುವ ಕೆಲಸ. ಗಂಡನಿಗೆ ಕುಚ್ಚಲಕ್ಕಿ, ಗಂಡನ ರೂಮಿನವರಿಗೆ ಒಣಮೀನು, ಪಕ್ಕದ ಫ್ಲ್ಯಾಟಿನವರಿಗೆ ಹಲ್ವಾ, ಮನೆಯಲ್ಲೇ ಹುರಿದು ಪುಡಿ ಮಾಡಿದ ಮಸಾಲೆ. ತೂಕ ಹೆಚ್ಚಾಯಿತೆಂದು ಬಿಚ್ಚಿ ಮತ್ತೆ ಕಟ್ಟಿದ್ದು ಮೂರು ಸಲ. ಹೊರಡುವ ರಾತ್ರಿ ಕಣ್ಣು ಮುಚ್ಚಲಿಲ್ಲ.

ವಿಮಾನ ನಿಲ್ದಾಣದ ಇಮಿಗ್ರೇಶನ್ ಕೌಂಟರಿನಲ್ಲಿ ಅಧಿಕಾರಿ ಕೇಳಿದ ಸಾಮಾನ್ಯ ಪ್ರಶ್ನೆಗೆ ಅವರಿಗೆ ಉತ್ತರ ಹೊಳೆಯಲಿಲ್ಲ. ಕೈಯಲ್ಲೇ ಇದ್ದ ಪಾಸ್‌ಪೋರ್ಟನ್ನು ಚೀಲದಲ್ಲಿ ಹುಡುಕಿದರು. ಹಿಂದಿನ ಸಾಲಿನವರು ಗೊಣಗತೊಡಗಿದಾಗ ಅತ್ತುಬಿಟ್ಟರು. ವಿಮಾನದಲ್ಲಿ ವಾಂತಿ. ಅತ್ತ ತಲುಪಿದ ಮೇಲೆ ಎರಡು ತಿಂಗಳು ತಲೆನೋವು ಬಿಡಲಿಲ್ಲ. ಊರಿನವರು 'ವಿಮಾನದಲ್ಲಿ ಹೋದದ್ದರಿಂದ ಹೀಗಾಯಿತು' ಎಂದರು. ನನಗೆ ಹಾಗೆನಿಸುವುದಿಲ್ಲ. ಆ ಮೂರೂವರೆ ಗಂಟೆಗೂ ಮೊದಲು ಕಳೆದ ಎಂಟು ದಿನಗಳಲ್ಲಿ ಅವರ ಮೆದುಳಿಗೆ ಬಿಡುವೇ ಸಿಕ್ಕಿರಲಿಲ್ಲ.

ಆದ್ದರಿಂದ ಈ ಭಾಗವನ್ನು ನಿಮ್ಮ ಮನೆಯವರಿಗೂ ಓದಿಹೇಳಿ. ಪೆಟ್ಟಿಗೆಯನ್ನು ಬೇರೆಯವರು ಕಟ್ಟಲಿ. ನೀವು ಕುಳಿತು ಏನು ಬೇಕೆಂದು ಚೀಟಿ ಬರೆಯಿರಿ, ಅದೂ ದಿನಕ್ಕೆ ಸ್ವಲ್ಪ. ಭಾರದ ಪೆಟ್ಟಿಗೆ ಎತ್ತಲು ಬಗ್ಗಬೇಡಿ, ಉಸಿರು ಕಟ್ಟಿ ಎತ್ತುವಾಗ ತಲೆಗೆ ಒತ್ತಡವಾಗುತ್ತದೆ. ನೋಡಲು ಬರುವವರನ್ನು ಅತ್ತೆಯೋ ಉಮ್ಮನೋ ಹೊರಗೆ ಮಾತಾಡಿಸಿ ಕಳಿಸಬಹುದು; ರೋಗಿಯನ್ನು ಕಾಣುವುದು ಪುಣ್ಯದ ಕೆಲಸವೆಂದು ನಾವೆಲ್ಲ ಕಲಿತಿದ್ದೇವೆ, ಹೆಚ್ಚು ಹೊತ್ತು ಕುಳಿತು ರೋಗಿಯನ್ನು ದಣಿಸಬಾರದೆಂಬುದೂ ಅದೇ ಪಾಠದಲ್ಲಿದೆ. ಗಂಡಂದಿರಿಗೆ ಒಂದು ಮಾತು: ಈ ಸಲ ಒಣಮೀನಿಲ್ಲದೆ ನಿಮ್ಮ ರೂಮಿನವರು ಬದುಕುತ್ತಾರೆ.

ಕೊನೆಯ ಎರಡು ರಾತ್ರಿ ಸರಿಯಾಗಿ ನಿದ್ದೆ ಮಾಡಬೇಕು. ಮಂಗಳೂರಿನಿಂದ ಹೊರಡುವ ವಿಮಾನಗಳಿಗೆ ಎಷ್ಟೋ ಸಲ ನಡುರಾತ್ರಿ ಮನೆ ಬಿಡಬೇಕಾಗುತ್ತದೆ. ಭಟ್ಕಳದಂಥ ದೂರದ ಊರಿನವರು ಹಿಂದಿನ ಸಂಜೆಯೇ ಬಂದು ನೆಂಟರ ಮನೆಯಲ್ಲಿ ಮಲಗಿ ಹೊರಡುವುದು ಲೇಸು. ಗುಂಡಿ ರಸ್ತೆಯಲ್ಲಿ ಕಾರು ಎತ್ತಿಹಾಕಿದರೆ ವಿಮಾನದ ಅಲುಗಾಟಕ್ಕಿಂತ ಹೆಚ್ಚಿನ ಕಷ್ಟ ಅಲ್ಲೇ ಆಗಿಹೋಗುತ್ತದೆ.

ಗಾಲಿಕುರ್ಚಿಗೆ ನಾಚಿಕೆ ಬೇಡ

ಟಿಕೆಟು ಮಾಡಿಸುವಾಗಲೇ ವೀಲ್‌ಚೇರ್ ಬೇಕೆಂದು ಹೇಳಿ. ಕನಿಷ್ಠ 48 ಗಂಟೆ ಮುಂಚೆ ತಿಳಿಸಿರಬೇಕು. 'ಕಾಲು ಸರಿಯಿರುವಾಗ ವೀಲ್‌ಚೇರ್ ಹತ್ತಿದರೆ ಜನ ಏನೆನ್ನುತ್ತಾರೆ' ಎಂದು ಹಿಂಜರಿಯುವವರಿದ್ದಾರೆ. ಸರದಿಯಲ್ಲಿ ಮುಕ್ಕಾಲು ಗಂಟೆ ಕಣ್ಣು ಕುಕ್ಕುವ ದೀಪದ ಕೆಳಗೆ ನಿಲ್ಲಲು ಬೇಕಾದದ್ದು ಕಾಲಿನ ಶಕ್ತಿ ಮಾತ್ರವಲ್ಲ. ವೀಲ್‌ಚೇರ್ ತಳ್ಳುವವರು ನಿಮ್ಮನ್ನು ಕೌಂಟರು, ತಪಾಸಣೆ, ಗೇಟು ಎಲ್ಲವನ್ನೂ ದಾಟಿಸುತ್ತಾರೆ. ದಾರಿ ಹುಡುಕುವ, ಫಲಕ ಓದುವ ಶ್ರಮವೂ ಉಳಿಯುತ್ತದೆ. ವೈದ್ಯರ ಕಾಗದ ಜೊತೆಗಿದ್ದರೆ ಯಾರೂ ಪ್ರಶ್ನಿಸುವುದಿಲ್ಲ.

ನೇರ ವಿಮಾನ ಸಿಕ್ಕರೆ ಸ್ವಲ್ಪ ಹೆಚ್ಚು ಹಣವಾದರೂ ಅದನ್ನೇ ಆರಿಸಿ. ಮುಂಬಯಿಯಲ್ಲಿ ಇಳಿದು ಇನ್ನೊಂದು ಟರ್ಮಿನಲ್‌ಗೆ ಓಡುವ ಅಗ್ಗದ ಟಿಕೆಟು ಈ ಸಲ ದುಬಾರಿಯಾದೀತು. ಆಸನ ಆರಿಸುವಾಗ ರೆಕ್ಕೆಯ ಹತ್ತಿರದ ಸಾಲು ಕೇಳಿ, ಅಲ್ಲಿ ಅಲುಗಾಟ ಕಡಿಮೆ, ಹಿಂಭಾಗದಲ್ಲಿ ಹೆಚ್ಚು. ವಾಕರಿಕೆ ಇದ್ದವರಿಗೆ ಎದ್ದು ಹೋಗಲು ನಡುದಾರಿಯ ಬದಿ ಅನುಕೂಲ, ಬೆಳಕು ಆಗದವರು ಕಿಟಕಿಯ ಬದಿ ಕುಳಿತು ಪರದೆ ಎಳೆದುಕೊಳ್ಳಬಹುದು.

ನಿಲ್ದಾಣದೊಳಗೆ ಎಸ್ಕಲೇಟರಿಗಿಂತ ಲಿಫ್ಟ್ ವಾಸಿ. ಚಲಿಸುವ ಮೆಟ್ಟಿಲು ನೋಡಿದರೆ ತಲೆ ಗಿರ್ರೆನ್ನುತ್ತದೆ. ಇಳಿದ ಮೇಲೆ ಸಾಮಾನು ತಿರುಗುವ ಬೆಲ್ಟಿನ ಹತ್ತಿರ ನಿಂತು ಪೆಟ್ಟಿಗೆ ಹುಡುಕುವುದೂ ಹಾಗೆಯೇ. ಅದನ್ನು ಜೊತೆಗಿರುವವರಿಗೆ ಬಿಟ್ಟು ನೀವು ಬೆನ್ನು ಹಾಕಿ ಕುಳಿತುಕೊಳ್ಳಿ. ಪಾಸ್‌ಪೋರ್ಟು, ಟಿಕೆಟು, ವೈದ್ಯರ ಕಾಗದ ಮೂರನ್ನೂ ಕುತ್ತಿಗೆಗೆ ಹಾಕುವ ಒಂದೇ ಚೀಲದಲ್ಲಿಡಿ. ಹೋಗಬೇಕಾದ ವಿಳಾಸ, ಗಂಡನ ಫೋನ್ ನಂಬರು, ವಿಮಾನದ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಕಾಗದದ ಮೇಲೆ ಬರೆದಿಡಿ. ಮೊಬೈಲಿನಲ್ಲಿದೆ ಎಂದು ನೆಚ್ಚಿಕೊಳ್ಳಬೇಡಿ, ಆ ಹೊಳೆಯುವ ಪರದೆಯನ್ನು ನೋಡಲಾಗದ ಸ್ಥಿತಿಯೂ ಬರಬಹುದು.

ಆಸನದಲ್ಲಿ ಕುಳಿತ ಮೇಲೆ

ಔಷಧದಂಗಡಿಯಲ್ಲಿ ಸಿಗುವ ಸ್ಪಂಜಿನ ಕಿವಿಮುಚ್ಚು ಕೆಲವೇ ರೂಪಾಯಿ. ಕಪ್ಪು ಕನ್ನಡಕ, ಇಲ್ಲವಾದರೆ ಕಣ್ಣಿನ ಮೇಲೆ ಎಳೆದುಕೊಳ್ಳುವ ದುಪ್ಪಟ್ಟಾವೇ ಸಾಕು. ಕುತ್ತಿಗೆಗೆ ಮೆತ್ತೆ ಇರಲಿ. ಬಿದ್ದವರಿಗೆ ಕುತ್ತಿಗೆಯ ಸ್ನಾಯುವೂ ಉಳುಕಿರುವುದು ಸಾಮಾನ್ಯ, ತಲೆನೋವಿನ ಅರ್ಧ ಪಾಲು ಅಲ್ಲಿಂದಲೇ ಬರುತ್ತಿರಬಹುದು. ವಿಮಾನ ಏರುವಾಗ ಇಳಿಯುವಾಗ ಏನಾದರೂ ಅಗಿಯುತ್ತ, ನುಂಗುತ್ತ ಇದ್ದರೆ ಕಿವಿ ಕಟ್ಟುವುದಿಲ್ಲ. ನೆಗಡಿ ಜೋರಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಗಂಟೆಗೊಮ್ಮೆ ನೀರು ಕುಡಿಯಿರಿ. ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ನೀರೇ ಕುಡಿಯದೆ ಪ್ರಯಾಣಿಸುವ ಅಭ್ಯಾಸ ನಮ್ಮ ಹೆಂಗಸರದ್ದು. ಈ ಸಲ ಬೇಡ. ಹೊಟ್ಟೆ ಖಾಲಿ ಇರಬಾರದು, ಎಣ್ಣೆ ತಿಂಡಿಯಿಂದ ತುಂಬಿಯೂ ಇರಬಾರದು. ಮುಂದಿನ ಸೀಟಿನ ಪರದೆಯಲ್ಲಿ ಸಿನಿಮಾ ನೋಡುವುದು, ಪುಸ್ತಕ ಓದುವುದು ಬಿಡಿ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ದಿಕ್ರ್ ಹೇಳುತ್ತ ಕುಳಿತರೆ ಮೆದುಳಿಗೂ ಆರಾಮ. ಗಗನಸಖಿಗೆ ಹತ್ತುವಾಗಲೇ, 'ತಲೆಗೆ ಪೆಟ್ಟಾಗಿ ಗುಣವಾಗುತ್ತಿದ್ದೇನೆ' ಎಂದು ಒಂದು ಮಾತು ಹೇಳಿಡಿ.

ಸಣ್ಣ ಮಕ್ಕಳಿದ್ದರೆ ಒಬ್ಬರೇ ಹೊರಡಬೇಡಿ. ಅದೇ ದಿನ ಹೊರಡುವ ನೆಂಟರೋ ಊರಿನವರೋ ಸಿಗುವಂತೆ ಟಿಕೆಟು ಹೊಂದಿಸಿ. ನಮ್ಮ ಕಡೆಯಿಂದ ಗಲ್ಫಿಗೆ ಹೋಗುವ ವಿಮಾನದಲ್ಲಿ ಪರಿಚಯದವರಿಲ್ಲದಿರುವುದೇ ಅಪರೂಪ.

ನಮಾಝಿನ ವಿಷಯದಲ್ಲಿ ಕೆಲವು ಸಹೋದರಿಯರು ತಮ್ಮನ್ನು ತಾವೇ ಕಷ್ಟಕ್ಕೆ ಒಡ್ಡಿಕೊಳ್ಳುತ್ತಾರೆ. ಸುಜೂದ್‌ಗೆ ತಲೆ ಬಗ್ಗಿಸಿದಾಗ ತಲೆ ಸಿಡಿದಂತಾಗುವುದು ಈ ಪೆಟ್ಟಿನಲ್ಲಿ ಸಹಜ. ನಿಲ್ಲಲಾಗದವರು ಕುಳಿತು, ಕುಳಿತೂ ಆಗದವರು ಮಲಗಿ ನಮಾಝ್ ಮಾಡಬಹುದೆಂದು ಪ್ರವಾದಿ(ಸ)ಯವರೇ ಕಲಿಸಿದ್ದಾರೆ. ಬಗ್ಗಲಾಗದವರು ಸನ್ನೆಯಿಂದ ಸುಜೂದ್ ಮಾಡುತ್ತಾರೆ. ಪ್ರಯಾಣಿಕರಿಗಿರುವ ಕಸ್ರ್‌ನ ರಿಯಾಯಿತಿಯೂ ನಿಮಗುಂಟು. ಎರಡು ನಮಾಝ್‌ಗಳನ್ನು ಜೋಡಿಸುವ ಬಗ್ಗೆ ಶಾಫಿಈ ಮತ್ತು ಹನಫಿ ಮದ್‌ಹಬ್‌ಗಳಲ್ಲಿ ಅಭಿಪ್ರಾಯ ಬೇರೆ ಇರುವುದರಿಂದ ನಿಮ್ಮ ಉಲಮಾರನ್ನು ಕೇಳಿ ಹೊರಡಿ. ರಮಝಾನ್ ಆಗಿದ್ದರೆ ಕುರ್‌ಆನ್ ರೋಗಿಗೂ ಪ್ರಯಾಣಿಕನಿಗೂ ಉಪವಾಸವನ್ನು ಬೇರೆ ದಿನಗಳಲ್ಲಿ ಪೂರೈಸುವ ಅನುಮತಿ ನೀಡಿದೆ. ನೀವು ಎರಡೂ ಆಗಿದ್ದೀರಿ.

ಮಾತ್ರೆಗಳ ಬಗ್ಗೆ ಎಚ್ಚರ

ಇದು ಬಹಳ ಮುಖ್ಯ. ನಮ್ಮಲ್ಲಿ ನೋವಿಗೆ ಸುಲಭವಾಗಿ ಬರೆದುಕೊಡುವ ಟ್ರಮಡಾಲ್, ಕೆಮ್ಮಿನ ಸಿರಪ್ಪಿನಲ್ಲಿರುವ ಕೋಡೀನ್ ಮೊದಲಾದವು ಯು.ಎ.ಇ., ಸೌದಿಯಂಥ ದೇಶಗಳಲ್ಲಿ ನಿಯಂತ್ರಿತ ಔಷಧಗಳು. ನರಗಳ ನೋವಿಗೆ ಕೊಡುವ ಪ್ರಿಗ್ಯಾಬಲಿನ್ ಮೇಲೂ ಅಲ್ಲಿ ನಿರ್ಬಂಧವಿದೆ. ಅನುಮತಿ ಇಲ್ಲದೆ ಕೊಂಡುಹೋಗಿ ಸಿಕ್ಕಿಬಿದ್ದರೆ ಕಥೆ ಆಸ್ಪತ್ರೆಯಿಂದ ಪೊಲೀಸ್ ಠಾಣೆಗೆ ಹೋಗುತ್ತದೆ. ಯು.ಎ.ಇ.ಯಲ್ಲಿ ಇಂಥ ಔಷಧಕ್ಕೆ ಆನ್‌ಲೈನ್‌ನಲ್ಲಿ ಮುಂಗಡ ಅನುಮತಿ ಪಡೆಯಬಹುದು. ಅದಕ್ಕಿಂತ ಒಳ್ಳೆಯದು, ಗಲ್ಫಿಗೆ ಹೋಗುವವಳೆಂದು ವೈದ್ಯರಿಗೆ ತಿಳಿಸಿ ಬೇರೆ ಔಷಧ ಬರೆಸಿಕೊಳ್ಳುವುದು. ಎಲ್ಲ ಮಾತ್ರೆಗಳೂ ಅಂಗಡಿಯ ಪಟ್ಟಿಯಲ್ಲೇ ಇರಲಿ, ಔಷಧದ ಮೂಲಹೆಸರು ಬರೆದ ಚೀಟಿ ಜೊತೆಗಿರಲಿ. ಪಕ್ಕದ ಮನೆಯವರು 'ನಮ್ಮ ಹುಡುಗನಿಗೆ ಕೊಡಿ' ಎಂದು ಕೊಟ್ಟ ಔಷಧವನ್ನು ಖಂಡಿತ ಒಯ್ಯಬೇಡಿ.

ತಲೆನೋವಿಗೆ ಸಾಮಾನ್ಯವಾಗಿ ವೈದ್ಯರು ಹೇಳುವುದು ಪ್ಯಾರಸಿಟಮಾಲ್. ಪೆಟ್ಟಾದ ಹೊಸತರಲ್ಲಿ ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ಸ್ವಂತವಾಗಿ ನುಂಗಬಾರದು, ರಕ್ತಸ್ರಾವದ ಸಂಭವ ಹೆಚ್ಚುತ್ತದೆ. ಪ್ರಯಾಣದಲ್ಲಿ ಮಲಗಿಬಿಡೋಣವೆಂದು ನಿದ್ದೆಮಾತ್ರೆ ತೆಗೆದುಕೊಳ್ಳುವುದೂ ಬೇಡ. ಮಂಪರು ಮಾತ್ರೆಯದೋ ಮೆದುಳಿನದೋ ಎಂದು ಪಕ್ಕದಲ್ಲಿದ್ದವರಿಗೆ ತಿಳಿಯದೆ ಹೋಗುತ್ತದೆ.

ತಲುಪಿದ ಮೇಲೆ

ದುಬೈ ನಮಗಿಂತ ಒಂದೂವರೆ ಗಂಟೆ, ಸೌದಿ ಎರಡೂವರೆ ಗಂಟೆ ಹಿಂದೆ. ಅಷ್ಟು ವ್ಯತ್ಯಾಸಕ್ಕೆ ದೇಹ ಬೇಗ ಹೊಂದಿಕೊಳ್ಳುತ್ತದೆ. ಅಮೆರಿಕದಲ್ಲಿರುವ ಮಗನ ಮನೆಗೆ ಹೊರಟವರಿಗೆ ಹಗಲು ರಾತ್ರಿಯೇ ಅದಲುಬದಲಾಗುವುದರಿಂದ ಇನ್ನಷ್ಟು ವಾರ ಕಾಯುವುದು ಒಳ್ಳೆಯದು. ಎಲ್ಲಿಗೇ ಹೋಗಲಿ, ಮೊದಲ ಎರಡು ಮೂರು ದಿನ ಮುಚ್ಚಿದ ಫ್ಲ್ಯಾಟು ಗುಡಿಸಿ ತೊಳೆಯುವ ಉತ್ಸಾಹ ಬೇಡ. ಧೂಳು ಅಲ್ಲೇ ಇರುತ್ತದೆ. ಊಟ ಹೊರಗಿನಿಂದ ತರಿಸಿ. ಪ್ರಯಾಣದ ಮರುದಿನ ಲಕ್ಷಣಗಳು ಸ್ವಲ್ಪ ಏರಿ ಮತ್ತೆ ಇಳಿದರೆ ಹೆದರಬೇಕಾಗಿಲ್ಲ.

ಉಮ್ರಾಕ್ಕೆ ಹೋದವರಿಗೆ ಬೇರೆಯದೇ ಪರೀಕ್ಷೆ. ತಲೆಸುತ್ತು ಇರುವವರು ಜನಜಂಗುಳಿಯಲ್ಲಿ ಏಳು ಸುತ್ತು ತವಾಫ್ ಮಾಡಬೇಕು, ಬಿಸಿಲು ಬೇರೆ. ತಲುಪಿದ ರಾತ್ರಿಯೇ ಮುಗಿಸಬೇಕೆಂಬ ಆತುರ ಬೇಡ. ಗುಂಪಿನವರೊಂದಿಗೆ ಓಡದೆ, ಮಲಗೆದ್ದು, ಜನ ಕಡಿಮೆಯಿರುವ ಹೊತ್ತಿನಲ್ಲಿ, ಮೇಲಿನ ಅಂತಸ್ತಿನಲ್ಲಿ ಗಾಲಿಕುರ್ಚಿಯಲ್ಲಿ ಕುಳಿತು ತವಾಫ್, ಸಈ ಮಾಡಬಹುದು. ಹರಮಿನಲ್ಲಿ ಅದರ ಏರ್ಪಾಡಿದೆ. ಇಹ್ರಾಮಿನಲ್ಲಿರುವ ಗಂಡಸರು ತಲೆಗೆ ಟೊಪ್ಪಿ ಹಾಕುವಂತಿಲ್ಲ, ಆದರೆ ಕೊಡೆ ಹಿಡಿಯಲು, ಕಪ್ಪು ಕನ್ನಡಕ ಧರಿಸಲು ಅಡ್ಡಿಯಿಲ್ಲವೆಂದು ಉಲಮಾ ಹೇಳುತ್ತಾರೆ.

ಪೆಟ್ಟಾಗಿರುವುದು ಮಗುವಿಗಾದರೆ ಗಲ್ಫಿನ ಶಾಲೆ ತೆರೆದ ಮೊದಲ ದಿನವೇ ಪೂರ್ತಿ ತರಗತಿಗೆ ಕೂರಿಸಬೇಡಿ. ಅರ್ಧ ದಿನದಿಂದ ಆರಂಭಿಸಲು ಶಾಲೆಯವರನ್ನು ಕೇಳಿ. ಆಟದ ಪಿರಿಯಡ್ಡಿಗೆ ವೈದ್ಯರು ಒಪ್ಪುವವರೆಗೆ ಕಳಿಸಬಾರದು; ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಬಹಳ ಅಪಾಯ. ತರಗತಿಯಲ್ಲಿ ಚುರುಕಾಗಿದ್ದ ಮಗು ಪಾಠ ಮರೆಯುತ್ತಿದ್ದರೆ, ಸುಮ್ಮನೆ ಕೆರಳುತ್ತಿದ್ದರೆ ಸೋಮಾರಿಯೆಂದು ಬೈಯುವ ಮೊದಲು ಅಧ್ಯಾಪಕರಿಗೆ ವಿಷಯ ತಿಳಿದಿರಬೇಕು. ತಾಯಿ ಒಂದು ಚೀಟಿ ಬರೆದು ಕಳಿಸಿದರೂ ನಮಗೆ ಎಷ್ಟೋ ಸಹಾಯವಾಗುತ್ತದೆ.

ಇನ್ನೊಂದು ಮಾತು ಸೇರಿಸಿಬಿಡುತ್ತೇನೆ. ಸ್ಕೂಟರಿನ ಹಿಂದೆ ಕೂರುವವರಿಗೂ ಹೆಲ್ಮೆಟ್ ಕರ್ನಾಟಕದಲ್ಲಿ 2016ರಿಂದಲೇ ಕಡ್ಡಾಯ. ಸ್ಕಾರ್ಫಿನ ಮೇಲೆ ಕೂರುವ ಅಳತೆಯದು ಅಂಗಡಿಯಲ್ಲಿ ಸಿಗುತ್ತದೆ, ಹಾಕಿ ನೋಡಿ ಕೊಳ್ಳಿ. ಬುರ್ಖಾದ ಅಂಚು, ದುಪ್ಪಟ್ಟಾದ ತುದಿ ಚಕ್ರಕ್ಕೆ ಸಿಕ್ಕಿ ಬಿದ್ದವರ ಸಂಖ್ಯೆ ನಮ್ಮಲ್ಲಿ ಕಡಿಮೆಯೇನಿಲ್ಲ; ಕೂರುವ ಮೊದಲು ಒಟ್ಟುಮಾಡಿ ತೊಡೆಯ ಕೆಳಗೆ ಸಿಕ್ಕಿಸಿಕೊಳ್ಳಿ.

ಕಾಯದೆ ಹೊರಡಬೇಕಾದ ಲಕ್ಷಣಗಳು

ಊರಿನಲ್ಲಾಗಲಿ, ನಿಲ್ದಾಣದಲ್ಲಾಗಲಿ, ಅತ್ತ ತಲುಪಿದ ಮೇಲಾಗಲಿ, ತಲೆನೋವು ಏರುತ್ತಲೇ ಹೋದರೆ, ಪದೇಪದೇ ವಾಂತಿಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರು ಕವಿದರೆ, ಮಾತು ತೊದಲಿದರೆ, ಒಂದು ಕೈ ಅಥವಾ ಕಾಲು ಸೋತರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಅಪಸ್ಮಾರ ಬಂದರೆ, ಮೂಗು-ಕಿವಿಯಿಂದ ನೀರಿನಂತೆ ತಿಳಿಯಾದ ದ್ರವ ಸೋರಿದರೆ ನಾಳೆ ನೋಡೋಣ ಎನ್ನಬೇಡಿ. ವಿಮಾನದಲ್ಲಾದರೆ ಗಗನಸಖಿಯನ್ನು ಆ ಕ್ಷಣವೇ ಕರೆಯಿರಿ, ಅವರು ಪ್ರಯಾಣಿಕರಲ್ಲಿ ವೈದ್ಯರಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಕರ್ನಾಟಕದಲ್ಲಿ ಅಂಬುಲೆನ್ಸಿಗೆ 108. ಯು.ಎ.ಇ.ಯಲ್ಲಿ 998, ಸೌದಿಯಲ್ಲಿ 997, ಕತಾರ್ ಮತ್ತು ಬಹ್ರೈನ್‌ನಲ್ಲಿ 999, ಕುವೈತ್‌ನಲ್ಲಿ 112, ಒಮಾನ್‌ನಲ್ಲಿ 9999. ಫೋನ್ ಎತ್ತಿದವರಿಗೆ ಮೊದಲು ಹೇಳಬೇಕಾದದ್ದು ತಲೆಗೆ ಪೆಟ್ಟಾದ ತಾರೀಕು, ಆಮೇಲೆ ಈಗ ಏನಾಗುತ್ತಿದೆ ಎಂಬುದು. ಸ್ಕ್ಯಾನಿನ ಸಿ.ಡಿ. ಎಲ್ಲಿದೆಯೆಂದು ಮನೆಯಲ್ಲಿರುವ ಇನ್ನೊಬ್ಬರಿಗೂ ಗೊತ್ತಿರಲಿ.